ಎಸ್ಮೊಲಾಲ್

ಎಸ್ಮೊಲಾಲ್ ಎಂಬುದು ಬೀಟಾ ಬ್ಲಾಕರ್ ಗುಂಪಿಗೆ ಸೇರಿದ, ಅತಿ ಕಡಿಮೆ ಕಾಲ ಕೆಲಸ ಮಾಡುವ ಹೃದ್ರೋಗ ಔಷಧ. ಇದನ್ನು ಅಭಿಧಮನಿಯ ಮೂಲಕ ಮಾತ್ರ ಕೊಡಲಾಗುತ್ತದೆ. ಗುಳಿಗೆಯ ರೂಪದಲ್ಲಿ ಇದು ಬಳಕೆಯಲ್ಲಿಲ್ಲ. ಮಿತಿಮೀರಿದ ವೇಗದಲ್ಲಿ ಬಡಿಯುತ್ತಿರುವ ಹೃದಯವನ್ನು ಇದು ಕೆಲವೇ ನಿಮಿಷಗಳಲ್ಲಿ ನಿಧಾನಗೊಳಿಸುತ್ತದೆ. ಕೊಡುವುದನ್ನು ನಿಲ್ಲಿಸಿದ ಮೇಲೆ ಸುಮಾರು 20ರಿಂದ 30 ನಿಮಿಷಗಳಲ್ಲಿ ಇದರ ಪರಿಣಾಮ ಬಹುಮಟ್ಟಿಗೆ ಇಳಿದುಹೋಗುತ್ತದೆ. ಇದರ ಅರ್ಧಾಯು ಸುಮಾರು 9 ನಿಮಿಷಗಳು. ಇದೇ ಗುಂಪಿನ ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದವುಗಳ ಅರ್ಧಾಯುವನ್ನು ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ.

ಔಷಧವೊಂದು ಬೇಗ ಮುಗಿದುಹೋಗುವುದು ಸಾಮಾನ್ಯವಾಗಿ ಕೊರತೆಯೆನಿಸುತ್ತದೆ. ಎಸ್ಮೊಲಾಲ್‌ನ ವಿಷಯದಲ್ಲಿ ಮಾತ್ರ ಅದೇ ಅದರ ಮುಖ್ಯ ಗುಣ. ತುರ್ತು ಸ್ಥಿತಿಯಲ್ಲಿರುವ ರೋಗಿಗೆ ಬೀಟಾ ಬ್ಲಾಕರ್ ಒಗ್ಗುವುದೋ ಇಲ್ಲವೋ ಎಂಬುದು ಮೊದಲೇ ತಿಳಿದಿರುವುದಿಲ್ಲ. ಒಗ್ಗದಿದ್ದರೆ ಕೂಡಲೇ ಹಿಂತೆಗೆದುಕೊಳ್ಳಬಹುದಾದ ಔಷಧ ವೈದ್ಯರ ಕೈಯಲ್ಲಿರಬೇಕು ಎಂಬ ಉದ್ದೇಶದಿಂದಲೇ ಇದನ್ನು ರೂಪಿಸಲಾಯಿತು.

ಹಿನ್ನೆಲೆ

ಭಯ, ನೋವು, ಶ್ರಮ, ರಕ್ತಸ್ರಾವ ಮುಂತಾದ ಸಂದರ್ಭಗಳಲ್ಲಿ ದೇಹವು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತದೆ. ಇವು ಜೀವಕೋಶಗಳ ಮೇಲ್ಮೈಯಲ್ಲಿರುವ ಗ್ರಾಹಿಗಳಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಗ್ರಾಹಿಯನ್ನು ಬೀಗಕ್ಕೂ ಅಡ್ರಿನಲಿನ್ನನ್ನು ಕೀಲಿಕೈಗೂ ಹೋಲಿಸಬಹುದು. ಈ ಗ್ರಾಹಿಗಳಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಗಳಿವೆಯೆಂದು ಅಮೆರಿಕದ ಔಷಧಶಾಸ್ತ್ರಜ್ಞ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಪ್ರತಿಪಾದಿಸಿದರು. 1967ರಲ್ಲಿ ಲ್ಯಾಂಡ್ಸ್ ಮತ್ತು ಸಂಗಡಿಗರು ಬೀಟಾ ಗ್ರಾಹಿಗಳನ್ನು ಬೀಟಾ-1 ಮತ್ತು ಬೀಟಾ-2 ಎಂದು ವಿಂಗಡಿಸಿದರು. ಬೀಟಾ-1 ಮುಖ್ಯವಾಗಿ ಹೃದಯದಲ್ಲಿದೆ. ಬೀಟಾ-2 ಮುಖ್ಯವಾಗಿ ಶ್ವಾಸನಾಳಗಳಲ್ಲಿಯೂ ರಕ್ತನಾಳಗಳಲ್ಲಿಯೂ ಇದೆ.

ಬೀಗದ ರಂಧ್ರವನ್ನು ಬೇರೊಂದು ವಸ್ತುವಿನಿಂದ ಮುಚ್ಚಿಬಿಟ್ಟರೆ ಕೀಲಿಕೈ ಒಳಗೆ ಹೋಗಲಾರದು. ಬೀಟಾ ಬ್ಲಾಕರ್‌ಗಳು ಮಾಡುವ ಕೆಲಸ ಇದೇ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನಲಾಲ್ ಎಂಬ ಔಷಧವನ್ನು ರೂಪಿಸಿ ಈ ತತ್ತ್ವವನ್ನು ಚಿಕಿತ್ಸೆಯಲ್ಲಿ ಬಳಕೆಗೆ ತಂದರು. ಔಷಧ ಚಿಕಿತ್ಸೆಯ ಮೂಲತತ್ತ್ವಗಳನ್ನು ಕಂಡುಹಿಡಿದುದಕ್ಕಾಗಿ 1988ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಪ್ರೊಪ್ರನಲಾಲ್ ಎರಡೂ ಬಗೆಯ ಬೀಟಾ ಗ್ರಾಹಿಗಳನ್ನು ಮುಚ್ಚುತ್ತದೆ. ಹೀಗಾಗಿ ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ಆನಂತರ ಬಂದ ಮೆಟೊಪ್ರೊಲಾಲ್ ಮತ್ತು ಅಟೆನೊಲಾಲ್ ಹೆಚ್ಚಾಗಿ ಬೀಟಾ-1ನ್ನು ಮಾತ್ರ ಮುಚ್ಚುವುದರಿಂದ ಹೃದಯಕ್ಕೆ ಹೆಚ್ಚು ಹೊಂದುವ ಔಷಧಗಳೆನಿಸಿದವು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಹೃದಯದ ಸಂಕೋಚನ ಶಕ್ತಿ ಈಗಾಗಲೇ ಕುಂದಿರುವ ರೋಗಿಗೆ ಬೀಟಾ ಬ್ಲಾಕರ್ ಕೊಟ್ಟಾಗ ರಕ್ತದೊತ್ತಡ ಕುಸಿದರೆ, ಆ ಔಷಧ ದೇಹದಿಂದ ಹೊರಹೋಗುವವರೆಗೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಬೀಟಾ ಬ್ಲಾಕರ್‌ನ ಅಗತ್ಯ ಯಾರಿಗೆ ಅತಿ ಹೆಚ್ಚೋ ಅವರಿಗೇ ಅದನ್ನು ಕೊಡಲು ವೈದ್ಯರು ಹಿಂಜರಿಯುವಂತಾಗಿತ್ತು.

ಇತಿಹಾಸ

ಈ ತೊಡಕಿಗೆ ಪರಿಹಾರವನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಔಷಧ ಸಂಶೋಧಕರು ಹುಡುಕಿದರು. ತೀವ್ರ ಅಸ್ವಸ್ಥರಿಗಾಗಿ ಅತ್ಯಲ್ಪಾವಧಿಯ ಬೀಟಾ ಬ್ಲಾಕರ್ ಬೇಕೆಂಬ ಪ್ರಸ್ತಾವ 1982ರಲ್ಲಿ ಪ್ರಕಟವಾಯಿತು. ಪಾಲ್ ಅರ್ಹಾರ್ಟ್ ಎಂಬ ಔಷಧ ರಸಾಯನಶಾಸ್ತ್ರಜ್ಞರು ಈ ಅಣುವಿನ ವಿನ್ಯಾಸದಲ್ಲಿ ಪ್ರಮುಖರು.

ಅವರು ಅನುಸರಿಸಿದ ಮಾರ್ಗವನ್ನು ಮೃದು ಔಷಧ ವಿಧಾನವೆಂದು ಕರೆಯುತ್ತಾರೆ. ಸಾಮಾನ್ಯವಾಗಿ ಔಷಧ ತಯಾರಕರು ತಮ್ಮ ಅಣು ದೇಹದಲ್ಲಿ ಬೇಗ ಒಡೆಯದಿರಲಿ ಎಂದು ಶ್ರಮಿಸುತ್ತಾರೆ. ಮೃದು ಔಷಧದಲ್ಲಿ ಅಣುವಿನೊಳಗೇ ಸುಲಭವಾಗಿ ಮುರಿಯುವ ಒಂದು ಕೊಂಡಿಯನ್ನು ಬೇಕೆಂದೇ ಇಡಲಾಗುತ್ತದೆ. ತನ್ನ ಕೆಲಸ ಮಾಡಿದ ಅಣು ಆ ಕೊಂಡಿಯಲ್ಲಿ ತುಂಡಾಗಿ ನಿರುಪಯುಕ್ತ ವಸ್ತುವಾಗಿ ಬದಲಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಸ್ಮೊಲಾಲ್‌ಗೆ 1986ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಅಲ್ಲಿ ಇದು ಬ್ರೆವಿಬ್ಲಾಕ್ ಎಂಬ ವ್ಯಾಪಾರನಾಮದಿಂದ ಮಾರಾಟಕ್ಕೆ ಬಂದಿತು. ಹೆಸರಿನ ಕೊನೆಯಲ್ಲಿರುವ ‘ಒಲಾಲ್’ ಎಂಬ ಭಾಗವು ಬೀಟಾ ಬ್ಲಾಕರ್‌ಗಳ ಹೆಸರಿನಲ್ಲಿ ಸಾಮಾನ್ಯವಾಗಿ ಬರುವ ಅಂತರರಾಷ್ಟ್ರೀಯ ಪ್ರತ್ಯಯ.

ರಾಸಾಯನಿಕ ರಚನೆ

ಎಸ್ಮೊಲಾಲ್‌ನ ಒಂದು ಅಣುವಿನಲ್ಲಿ 16 ಇಂಗಾಲ, 25 ಜಲಜನಕ, 1 ಸಾರಜನಕ ಮತ್ತು 4 ಆಮ್ಲಜನಕ ಪರಮಾಣುಗಳಿವೆ. ಇದರ ಅಣುತೂಕ ಸುಮಾರು 295. ಅಣುವಿನ ಒಂದು ಭಾಗ ಇತರ ಬೀಟಾ ಬ್ಲಾಕರ್‌ಗಳಂತೆಯೇ ಇದ್ದು, ಗ್ರಾಹಿಗೆ ಅಂಟಿಕೊಳ್ಳಲು ಸಹಾಯ ಮಾಡುತ್ತದೆ. ಮಧ್ಯದಲ್ಲಿ ಬೆಂಜೀನ್ ಉಂಗುರವಿದೆ. ಉಂಗುರದ ಇನ್ನೊಂದು ಬದಿಯಲ್ಲಿ ಎರಡು ಇಂಗಾಲಗಳ ಸಣ್ಣ ಸರಪಳಿಯ ತುದಿಗೆ ಮೀಥೈಲ್ ಎಸ್ಟರ್ ಎಂಬ ಗುಂಪನ್ನು ಜೋಡಿಸಲಾಗಿದೆ. ಮೇಲೆ ಹೇಳಿದ ಸುಲಭವಾಗಿ ಮುರಿಯುವ ಕೊಂಡಿ ಇದೇ.

ಈ ಎರಡು ಇಂಗಾಲಗಳ ಅಂತರಕ್ಕೆ ಮಹತ್ವವಿದೆ. ಎಸ್ಟರ್ ಗುಂಪು ಉಂಗುರಕ್ಕೆ ನೇರವಾಗಿ ಅಂಟಿಕೊಂಡಿದ್ದರೆ ಕಿಣ್ವಗಳು ಅದನ್ನು ಸುಲಭವಾಗಿ ತಲುಪಲಾರವು. ತುಸು ದೂರಕ್ಕೆ ಚಾಚಿಕೊಂಡಿರುವುದರಿಂದ ಕಿಣ್ವಗಳಿಗೆ ಅದು ಬೇಗ ಸಿಕ್ಕುತ್ತದೆ.

ಕಾರ್ಯವಿಧಾನ

ಹೃದಯದ ಬೀಟಾ-1 ಗ್ರಾಹಿಗೆ ಅಡ್ರಿನಲಿನ್ ಅಂಟಿದಾಗ ಜೀವಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕ ವಸ್ತುವಿನ ಪ್ರಮಾಣ ಏರುತ್ತದೆ. ಇದರಿಂದ ಜೀವಕೋಶದೊಳಕ್ಕೆ ಹೆಚ್ಚು ಕ್ಯಾಲ್ಸಿಯಂ ಹರಿಯುತ್ತದೆ. ಹೃದಯ ವೇಗವಾಗಿಯೂ ಬಲವಾಗಿಯೂ ಬಡಿಯತೊಡಗುತ್ತದೆ. ಎಸ್ಮೊಲಾಲ್ ಗ್ರಾಹಿಯನ್ನು ಆಕ್ರಮಿಸಿಕೊಂಡಾಗ ಈ ಸರಣಿ ಮೊದಲ ಹಂತದಲ್ಲೇ ನಿಲ್ಲುತ್ತದೆ. ಇದರ ಫಲಗಳು ಮುಖ್ಯವಾಗಿ ಮೂರು:

- ಹೃದಯ ಬಡಿತಕ್ಕೆ ತಾಳ ಹಾಕಿಕೊಡುವ ಸೈನಸ್ ಗಂಟು ನಿಧಾನವಾಗುತ್ತದೆ.
- ಹೃತ್ಕರ್ಣಗಳಿಂದ ಹೃತ್ಕುಕ್ಷಿಗಳಿಗೆ ವಿದ್ಯುತ್ ಸಂಕೇತವನ್ನು ದಾಟಿಸುವ ಎ.ವಿ. ಗಂಟಿನಲ್ಲಿ ಸಂಕೇತ ತಡವಾಗಿ ಸಾಗುತ್ತದೆ.
- ಹೃದಯ ಸ್ನಾಯುವಿನ ಸಂಕೋಚನದ ರಭಸ ತಗ್ಗುತ್ತದೆ. ಅದರೊಡನೆ ರಕ್ತದೊತ್ತಡವೂ ಇಳಿಯುತ್ತದೆ.

ಹೃದಯ ನಿಧಾನವಾಗುವುದರಿಂದ ಆಗುವ ಲಾಭವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಪ್ರತಿ ಬಡಿತಕ್ಕೂ 0.8 ಸೆಕೆಂಡ್ ದೊರೆಯುತ್ತದೆ. ಬಡಿತ 150ಕ್ಕೇರಿದರೆ ದೊರೆಯುವುದು 0.4 ಸೆಕೆಂಡ್ ಮಾತ್ರ. ಕುಗ್ಗಲು ಬೇಕಾದ ಸಮಯ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಡಿತವಾಗುವುದು ವಿಶ್ರಾಂತಿಯ ಸಮಯ. ಹೃದಯದ ಎಡಭಾಗದ ಸ್ನಾಯುವಿಗೆ ಪರಿಧಮನಿಗಳಿಂದ ರಕ್ತ ಹರಿಯುವುದು ಹೆಚ್ಚಾಗಿ ಆ ವಿಶ್ರಾಂತಿಯ ಹೊತ್ತಿನಲ್ಲಿಯೇ. ಆದ್ದರಿಂದ ವೇಗ ಹೆಚ್ಚಿದಂತೆ ಹೃದಯಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಬೀಟಾ ಬ್ಲಾಕರ್ ಈ ಎರಡನ್ನೂ ಸರಿದೂಗಿಸುತ್ತದೆ.

ದೇಹದಲ್ಲಿ ಔಷಧದ ಚಲನೆ

ಹೆಚ್ಚಿನ ಔಷಧಗಳನ್ನು ಪಿತ್ತಜನಕಾಂಗ ಒಡೆಯುತ್ತದೆ ಅಥವಾ ಮೂತ್ರಪಿಂಡ ಹೊರಹಾಕುತ್ತದೆ. ಎಸ್ಮೊಲಾಲ್‌ನ ದಾರಿ ಬೇರೆ. ಅದನ್ನು ಒಡೆಯುವುದು ರಕ್ತವೇ. ಕೆಂಪು ರಕ್ತಕಣಗಳ ಒಳದ್ರವದಲ್ಲಿರುವ ಎಸ್ಟರೇಸ್ ಎಂಬ ಕಿಣ್ವಗಳು ಎಸ್ಟರ್ ಕೊಂಡಿಯನ್ನು ಮುರಿದು ಒಂದು ಆಮ್ಲವನ್ನೂ ಅತ್ಯಲ್ಪ ಪ್ರಮಾಣದ ಮೆಥನಾಲನ್ನೂ ಉಂಟುಮಾಡುತ್ತವೆ. ಹರಿಯುವ ರಕ್ತದಲ್ಲೆಲ್ಲ ಈ ಕಿಣ್ವಗಳಿರುವುದರಿಂದ ಯಾವುದೋ ಒಂದು ಅಂಗಕ್ಕೆ ಔಷಧ ತಲುಪುವವರೆಗೆ ಕಾಯಬೇಕಾಗಿಲ್ಲ. ಈ ಕಾರಣದಿಂದ ದೇಹವು ಎಸ್ಮೊಲಾಲನ್ನು ತೆರವುಗೊಳಿಸುವ ವೇಗ, ಹೃದಯವು ರಕ್ತವನ್ನು ಹೊರದೂಡುವ ವೇಗಕ್ಕಿಂತಲೂ ಹೆಚ್ಚು. ಪಿತ್ತಜನಕಾಂಗ ಕೆಟ್ಟಿರುವವರಲ್ಲಿಯೂ ಇದರ ಅವಧಿ ಅಷ್ಟಾಗಿ ಬದಲಾಗುವುದಿಲ್ಲ.

ಉಂಟಾಗುವ ಆಮ್ಲಕ್ಕೆ ಬೀಟಾ ತಡೆಯುವ ಶಕ್ತಿ ಮೂಲ ಔಷಧದ ಸುಮಾರು 1,500ರಲ್ಲಿ ಒಂದು ಭಾಗ ಮಾತ್ರ. ಅದರ ಅರ್ಧಾಯು ಸುಮಾರು 3.7 ಗಂಟೆ, ಅದು ಮೂತ್ರದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡ ವೈಫಲ್ಯವಿರುವವರಲ್ಲಿ ಈ ಆಮ್ಲ ಶೇಖರವಾಗುವುದುಂಟು. ಮೆಥನಾಲ್ ಎಂಬ ಹೆಸರು ಕಳ್ಳಭಟ್ಟಿ ದುರಂತಗಳನ್ನು ನೆನಪಿಸಿ ಆತಂಕ ಹುಟ್ಟಿಸಬಹುದು. ಆದರೆ ಸಾಮಾನ್ಯ ಪ್ರಮಾಣದ ಚಿಕಿತ್ಸೆಯಲ್ಲಿ ರಕ್ತದ ಮೆಥನಾಲ್ ಮಟ್ಟ ದೇಹದಲ್ಲಿ ಸಹಜವಾಗಿರುವ ಮಟ್ಟದಲ್ಲೇ ಉಳಿಯುತ್ತದೆ.

ಅರ್ಧಾಯು ಎಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಎಸ್ಮೊಲಾಲ್ ನಿಲ್ಲಿಸಿದ 9 ನಿಮಿಷಕ್ಕೆ ಅರ್ಧ, 18 ನಿಮಿಷಕ್ಕೆ ಕಾಲು, 27 ನಿಮಿಷಕ್ಕೆ ಅರೆಕಾಲು ಮತ್ತು 36 ನಿಮಿಷಕ್ಕೆ ಹದಿನಾರರಲ್ಲಿ ಒಂದು ಭಾಗ ಉಳಿಯುತ್ತದೆ. ಅರ್ಧಾಯು 4 ಗಂಟೆಯಿರುವ ಔಷಧ ಇದೇ ಮಟ್ಟಕ್ಕೆ ಇಳಿಯಲು 16 ಗಂಟೆ ಬೇಕು.

ಇತರ ಬೀಟಾ ಬ್ಲಾಕರ್‌ಗಳೊಂದಿಗೆ ಹೋಲಿಕೆ

- ಪ್ರೊಪ್ರನಲಾಲ್: ಅರ್ಧಾಯು ಸುಮಾರು 3ರಿಂದ 6 ಗಂಟೆ, ಎರಡೂ ಬೀಟಾ ಗ್ರಾಹಿಗಳ ಮೇಲೆ ಪರಿಣಾಮ, ಪಿತ್ತಜನಕಾಂಗದಲ್ಲಿ ಒಡೆಯುತ್ತದೆ.
- ಮೆಟೊಪ್ರೊಲಾಲ್: ಅರ್ಧಾಯು ಸುಮಾರು 3ರಿಂದ 7 ಗಂಟೆ, ಹೆಚ್ಚಾಗಿ ಬೀಟಾ-1, ಪಿತ್ತಜನಕಾಂಗದಲ್ಲಿ ಒಡೆಯುತ್ತದೆ.
- ಅಟೆನೊಲಾಲ್: ಅರ್ಧಾಯು ಸುಮಾರು 6ರಿಂದ 7 ಗಂಟೆ, ಹೆಚ್ಚಾಗಿ ಬೀಟಾ-1, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ.
- ಎಸ್ಮೊಲಾಲ್: ಅರ್ಧಾಯು ಸುಮಾರು 9 ನಿಮಿಷ, ಹೆಚ್ಚಾಗಿ ಬೀಟಾ-1, ಕೆಂಪು ರಕ್ತಕಣಗಳಲ್ಲಿ ಒಡೆಯುತ್ತದೆ.
- ಲ್ಯಾಂಡಿಯೊಲಾಲ್: ಅರ್ಧಾಯು ಸುಮಾರು 4 ನಿಮಿಷ, ಬೀಟಾ-1ರ ಮೇಲೆ ಇನ್ನೂ ಹೆಚ್ಚಿನ ಆಯ್ದ ಪರಿಣಾಮ, ರಕ್ತದ ಪ್ಲಾಸ್ಮಾ ಮತ್ತು ಪಿತ್ತಜನಕಾಂಗದ ಎಸ್ಟರೇಸ್‌ಗಳಿಂದ ಒಡೆಯುತ್ತದೆ.

ವೈದ್ಯಕೀಯ ಬಳಕೆ

ಬಡಿತದ ಲಯದೋಷಗಳು: ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್, ಏಟ್ರಿಯಲ್ ಫ್ಲಟರ್ ಮುಂತಾದ ಸ್ಥಿತಿಗಳಲ್ಲಿ ಹೃತ್ಕುಕ್ಷಿಗಳ ವೇಗವನ್ನು ಹಿಡಿತಕ್ಕೆ ತರಲು ಇದನ್ನು ಬಳಸುತ್ತಾರೆ. ಇದು ಲಯದೋಷವನ್ನೇ ಗುಣಪಡಿಸುತ್ತದೆ ಎಂದಲ್ಲ, ಎ.ವಿ. ಗಂಟಿನ ಬಾಗಿಲನ್ನು ಕಿರಿದು ಮಾಡಿ, ದಾಟಿಹೋಗುವ ಸಂಕೇತಗಳ ಸಂಖ್ಯೆಯನ್ನು ತಗ್ಗಿಸುತ್ತದೆ.

ಶಸ್ತ್ರಚಿಕಿತ್ಸೆಯ ವೇಳೆ: ಅರಿವಳಿಕೆ ಕೊಟ್ಟು ಉಸಿರಾಟದ ಕೊಳವೆಯನ್ನು ಗಂಟಲಿಗೆ ಇಳಿಸುವಾಗ ಕೆಲವು ನಿಮಿಷಗಳ ಕಾಲ ನಾಡಿಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಈ ಏರಿಕೆ ತಾತ್ಕಾಲಿಕ. ತಾತ್ಕಾಲಿಕ ಏರಿಕೆಗೆ ತಾತ್ಕಾಲಿಕ ಔಷಧವೇ ಹೊಂದುತ್ತದೆ. ಅರಿವಳಿಕೆ ತಜ್ಞರು ಎಸ್ಮೊಲಾಲನ್ನು ಹೆಚ್ಚು ಬಳಸಲು ಇದೇ ಕಾರಣ. ಮಾನಸಿಕ ರೋಗಗಳಿಗೆ ನೀಡುವ ವಿದ್ಯುತ್ಕಂಪನ ಚಿಕಿತ್ಸೆಯ ವೇಳೆಯೂ ಇದೇ ಉದ್ದೇಶಕ್ಕೆ ಇದರ ಬಳಕೆಯುಂಟು.

ಮಹಾಪಧಮನಿಯ ಸೀಳಿಕೆ: ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಸೀಳಿ, ರಕ್ತವು ಗೋಡೆಯ ಪದರಗಳ ನಡುವೆ ನುಗ್ಗುವ ಸ್ಥಿತಿ ಇದು. ಪ್ರತಿ ಬಡಿತದ ರಭಸವೂ ಸೀಳನ್ನು ಮುಂದಕ್ಕೆ ಒಯ್ಯುತ್ತದೆ. ಶಸ್ತ್ರಚಿಕಿತ್ಸೆ ನಿರ್ಧಾರವಾಗುವ ಮೊದಲೇ ಬಡಿತವನ್ನು ನಿಮಿಷಕ್ಕೆ 60ರ ಸುಮಾರಿಗೂ ಮೇಲಿನ ರಕ್ತದೊತ್ತಡವನ್ನು 100ರಿಂದ 120ಕ್ಕೂ ತರುವುದು ವಾಡಿಕೆ. ಇಲ್ಲಿ ಬೀಟಾ ಬ್ಲಾಕರನ್ನು ಮೊದಲು, ರಕ್ತನಾಳ ಹಿಗ್ಗಿಸುವ ಔಷಧವನ್ನು ಆನಂತರ ಕೊಡಬೇಕು. ಕ್ರಮ ತಪ್ಪಿದರೆ, ರಕ್ತದೊತ್ತಡ ಇಳಿದುದಕ್ಕೆ ಪ್ರತಿಯಾಗಿ ಹೃದಯ ವೇಗವಾಗಿ ಬಡಿದು ಸೀಳು ಹೆಚ್ಚಾಗುವ ಅಪಾಯವಿದೆ.

ಇತರ ಸಂದರ್ಭಗಳು: ಥೈರಾಯ್ಡ್ ಗ್ರಂಥಿಯ ಸ್ರಾವ ಮಿತಿಮೀರಿ ಉಂಟಾಗುವ ತುರ್ತುಸ್ಥಿತಿ ಹಾಗೂ ಮರುಕಳಿಸುವ ಹೃತ್ಕುಕ್ಷಿ ಲಯದೋಷಗಳಲ್ಲಿಯೂ ಇದನ್ನು ಬಳಸುತ್ತಾರೆ. ರೋಗಿಗೆ ಬೀಟಾ ಬ್ಲಾಕರ್ ತಾಳುವುದೇ ಎಂದು ಸಂಶಯವಿದ್ದಾಗ ಪರೀಕ್ಷಾರ್ಥವಾಗಿ ಮೊದಲು ಎಸ್ಮೊಲಾಲ್ ಕೊಟ್ಟು ನೋಡಿ, ತಾಳಿದರೆ ದೀರ್ಘಾವಧಿಯ ಔಷಧಕ್ಕೆ ಬದಲಾಯಿಸುವ ಕ್ರಮವೂ ಇದೆ.

ಪ್ರಮಾಣ ಮತ್ತು ನೀಡುವ ವಿಧಾನ

ಔಷಧವು ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯಲ್ಲಿ ದೊರೆಯುತ್ತದೆ. ವೇಗದ ಲಯದೋಷಗಳಲ್ಲಿ ಪ್ರಚಲಿತವಾಗಿರುವ ಕ್ರಮದಂತೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 500 ಮೈಕ್ರೋಗ್ರಾಂ ಪ್ರಮಾಣವನ್ನು ಒಂದು ನಿಮಿಷದಲ್ಲಿ ಕೊಟ್ಟು, ಆಮೇಲೆ ಪ್ರತಿ ಕಿಲೋಗ್ರಾಂಗೆ ನಿಮಿಷಕ್ಕೆ 50 ಮೈಕ್ರೋಗ್ರಾಂನಂತೆ ಮುಂದುವರಿಸುತ್ತಾರೆ. ಪರಿಣಾಮ ನೋಡಿಕೊಂಡು ಇದನ್ನು ಹಂತಹಂತವಾಗಿ 200ರವರೆಗೆ ಏರಿಸಬಹುದು.

ಉದಾಹರಣೆಗೆ 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಮೊದಲ ಪ್ರಮಾಣ 30 ಮಿಲಿಗ್ರಾಂ, ಎಂದರೆ 3 ಮಿಲಿಲೀಟರ್. ಆಮೇಲಿನ ಪ್ರಮಾಣ ನಿಮಿಷಕ್ಕೆ 3 ಮಿಲಿಗ್ರಾಂ, ಎಂದರೆ ಗಂಟೆಗೆ 18 ಮಿಲಿಲೀಟರ್. ಮೊದಲ ಪ್ರಮಾಣ ಕೊಟ್ಟರೆ ರಕ್ತದಲ್ಲಿ ಔಷಧದ ಮಟ್ಟ ಸುಮಾರು 5 ನಿಮಿಷಗಳಲ್ಲಿ ಸ್ಥಿರವಾಗುತ್ತದೆ. ಕೊಡದಿದ್ದರೆ ಸುಮಾರು 30 ನಿಮಿಷ ಬೇಕು. ಈ ಅಂಕಿಗಳು ತತ್ತ್ವವನ್ನು ತಿಳಿಸಲು ಮಾತ್ರ. ರೋಗಿಗೆ ತಕ್ಕ ಪ್ರಮಾಣವನ್ನು ನಿರ್ಧರಿಸುವವರು ವೈದ್ಯರು.

ಇದನ್ನು ಕೊಡಲು ಇನ್‌ಫ್ಯೂಷನ್ ಪಂಪ್, ಇ.ಸಿ.ಜಿ. ಮಾನಿಟರ್ ಮತ್ತು ಮತ್ತೆಮತ್ತೆ ರಕ್ತದೊತ್ತಡ ಅಳೆಯುವ ವ್ಯವಸ್ಥೆ ಇರಬೇಕು. ಅವಧಿ ಕಡಿಮೆಯಿರುವುದಕ್ಕೆ ಇನ್ನೊಂದು ಮುಖವೂ ಇದೆ. ಪಂಪ್ ನಿಂತರೆ, ಕೊಳವೆ ಕಳಚಿದರೆ ಅಥವಾ ಔಷಧದ ಚೀಲ ಖಾಲಿಯಾದುದನ್ನು ಯಾರೂ ಗಮನಿಸದಿದ್ದರೆ ಅರ್ಧ ಗಂಟೆಯೊಳಗೆ ರೋಗಿಗಿದ್ದ ರಕ್ಷಣೆಯೂ ಹೋಗಿರುತ್ತದೆ. ಮಹಾಪಧಮನಿ ಸೀಳಿದ ರೋಗಿಯನ್ನು ಆಂಬುಲೆನ್ಸಿನಲ್ಲಿ ಸಾಗಿಸುವಾಗ ಇದು ಪ್ರಾಣದ ಪ್ರಶ್ನೆಯಾಗುತ್ತದೆ.

ಗುಳಿಗೆಗೆ ಬದಲಾಯಿಸುವಾಗಲೂ ಕ್ರಮವಿದೆ. ಹೊಸ ಔಷಧದ ಮೊದಲ ಪ್ರಮಾಣ ಕೊಟ್ಟ ಅರ್ಧ ಗಂಟೆಯ ಬಳಿಕ ಎಸ್ಮೊಲಾಲನ್ನು ಅರ್ಧಕ್ಕೆ ಇಳಿಸುತ್ತಾರೆ. ಎರಡನೆಯ ಪ್ರಮಾಣದ ನಂತರ ಒಂದು ಗಂಟೆ ಬಡಿತ ಹಿಡಿತದಲ್ಲಿದ್ದರೆ ಅದನ್ನು ಪೂರ್ತಿಯಾಗಿ ನಿಲ್ಲಿಸುತ್ತಾರೆ.

ಅಡ್ಡಪರಿಣಾಮಗಳು

ಅತಿ ಸಾಮಾನ್ಯವಾದುದು ರಕ್ತದೊತ್ತಡದ ಕುಸಿತ. ಔಷಧದ ಅಧಿಕೃತ ವಿವರಣೆಯ ಪ್ರಕಾರ ಪ್ರಯೋಗಗಳಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಶೇ. 25ರಷ್ಟು ಮಂದಿಯಲ್ಲಿ ಲಕ್ಷಣಗಳಿಲ್ಲದ ಕುಸಿತವೂ ಶೇ. 12ರಷ್ಟು ಮಂದಿಯಲ್ಲಿ ಬೆವರು, ತಲೆಸುತ್ತು ಮುಂತಾದ ಲಕ್ಷಣಗಳೊಡನೆ ಕುಸಿತವೂ ಕಂಡುಬಂದಿತ್ತು. ಪ್ರಮಾಣ ತಗ್ಗಿಸಿದರೆ ಅಥವಾ ನಿಲ್ಲಿಸಿದರೆ ಹೆಚ್ಚಿನವರು ಬೇಗ ಚೇತರಿಸಿಕೊಳ್ಳುತ್ತಾರೆ. ವಾಕರಿಕೆ, ಬಡಿತದ ಅತಿ ನಿಧಾನ, ಉಬ್ಬಸ ಇತರ ಪರಿಣಾಮಗಳು. ಸೂಜಿ ಚುಚ್ಚಿದ ಸ್ಥಳದಲ್ಲಿ ಉರಿಯೂತ ಉಂಟಾಗಬಹುದು. ಔಷಧ ಅಭಿಧಮನಿಯಿಂದ ಹೊರಗೆ ಸೋರಿದರೆ ಚರ್ಮಕ್ಕೆ ಹಾನಿಯಾಗಬಹುದು. ಮಧುಮೇಹಿಗಳಲ್ಲಿ ಸಕ್ಕರೆಯ ಮಟ್ಟ ಕುಸಿದಾಗ ಎಚ್ಚರಿಕೆಯಂತೆ ಕಾಣಿಸಿಕೊಳ್ಳುವ ಎದೆಬಡಿತವನ್ನು ಬೀಟಾ ಬ್ಲಾಕರ್‌ಗಳು ಮರೆಮಾಡುತ್ತವೆ.

ಔಷಧದ ಅವಧಿ ಕಡಿಮೆ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ಔಷಧ ನಿಂತ ಮೇಲೂ ಕೆಲವು ನಿಮಿಷ ಪರಿಣಾಮ ಉಳಿದಿರುತ್ತದೆ. ತೀರ ದುರ್ಬಲ ಹೃದಯಕ್ಕೆ ಆ ಕೆಲವು ನಿಮಿಷಗಳೇ ಹೆಚ್ಚಾಗಬಹುದು.

ನೀಡಬಾರದ ಸಂದರ್ಭಗಳು

- ಬಡಿತ ಈಗಾಗಲೇ ತೀರ ನಿಧಾನವಾಗಿರುವಾಗ ಅಥವಾ ಎರಡನೆಯ, ಮೂರನೆಯ ದರ್ಜೆಯ ಹಾರ್ಟ್ ಬ್ಲಾಕ್ ಇರುವಾಗ.
- ಹೃದಯ ವೈಫಲ್ಯ ಉಲ್ಬಣಿಸಿರುವಾಗ ಮತ್ತು ಹೃದಯಜನ್ಯ ಆಘಾತ ಸ್ಥಿತಿಯಲ್ಲಿ.
- ಶ್ವಾಸಕೋಶದ ಅಪಧಮನಿಗಳಲ್ಲಿ ಒತ್ತಡ ಅಧಿಕವಾಗಿರುವಾಗ.
- ವೆರಾಪಮಿಲ್ ಚುಚ್ಚುಮದ್ದು ಕೊಟ್ಟ ಸನಿಹದಲ್ಲಿ. ಎರಡೂ ಸೇರಿ ಹೃದಯವನ್ನೇ ನಿಲ್ಲಿಸುವ ಅಪಾಯವಿದೆ.

ಅಸ್ತಮಾ ಇರುವವರಲ್ಲಿ ವಿಶೇಷ ಎಚ್ಚರ ಅಗತ್ಯ. ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆಯಿರುವವರಿಗೆ ಆಲ್ಫಾ ಗ್ರಾಹಿಗಳನ್ನು ಮೊದಲು ಮುಚ್ಚದೆ ಬೀಟಾ ಬ್ಲಾಕರ್ ಕೊಡಬಾರದು; ಕೊಟ್ಟರೆ ಆಲ್ಫಾ ಗ್ರಾಹಿಗಳಿಗೆ ಅಡೆತಡೆಯಿಲ್ಲದಂತಾಗಿ ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ರಕ್ತಸ್ರಾವ, ತೀವ್ರ ಜ್ವರ, ನಿರ್ಜಲೀಕರಣ ಇತ್ಯಾದಿಗಳಿಂದ ಹೃದಯ ವೇಗವಾಗಿ ಬಡಿಯುತ್ತಿದ್ದರೆ ಆ ವೇಗವು ದೇಹದ ಆತ್ಮರಕ್ಷಣೆ. ಅಲ್ಲಿ ಚಿಕಿತ್ಸೆ ಬೇಕಾಗಿರುವುದು ಮೂಲ ಕಾರಣಕ್ಕೆ, ಬಡಿತಕ್ಕಲ್ಲ.

ಪ್ರಮುಖ ಅಧ್ಯಯನಗಳು

ಬೀಟಾ ಬ್ಲಾಕರ್‌ಗಳು ಎರಡಲಗಿನ ಕತ್ತಿಯೆಂಬುದನ್ನು ದೀರ್ಘಾವಧಿಯ ಮೆಟೊಪ್ರೊಲಾಲ್ ಕುರಿತ ಎರಡು ದೊಡ್ಡ ಅಧ್ಯಯನಗಳು ತೋರಿಸಿಕೊಟ್ಟವು.

2005ರಲ್ಲಿ ಪ್ರಕಟವಾದ ಕಮಿಟ್ ಅಧ್ಯಯನವು ಚೀನಾದ 45,852 ಹೃದಯಾಘಾತ ರೋಗಿಗಳಲ್ಲಿ ನಡೆಯಿತು. ಮೊದಲೇ ಚುಚ್ಚುಮದ್ದಿನ ಮೂಲಕ, ಆಮೇಲೆ ಗುಳಿಗೆಯ ಮೂಲಕ ಮೆಟೊಪ್ರೊಲಾಲ್ ಕೊಟ್ಟಾಗ ಪ್ರತಿ ಸಾವಿರ ರೋಗಿಗಳಲ್ಲಿ ಮರು ಹೃದಯಾಘಾತ 5ರಷ್ಟೂ ಮಾರಕ ಲಯದೋಷ 5ರಷ್ಟೂ ಕಡಿಮೆಯಾದವು. ಆದರೆ ಹೃದಯಜನ್ಯ ಆಘಾತಕ್ಕೆ ಒಳಗಾದವರು ಪ್ರತಿ ಸಾವಿರಕ್ಕೆ 11ರಷ್ಟು ಹೆಚ್ಚಿದರು. ಒಟ್ಟಾರೆ ಸಾವಿನ ಸಂಖ್ಯೆ ತಗ್ಗಲಿಲ್ಲ. ಒಂದು ಕೈಯಿಂದ ಕೊಟ್ಟುದನ್ನು ಔಷಧ ಇನ್ನೊಂದು ಕೈಯಿಂದ ಕಸಿದುಕೊಂಡಿತ್ತು.

2008ರಲ್ಲಿ ಪ್ರಕಟವಾದ ಪಾಯ್ಸ್ ಅಧ್ಯಯನದಲ್ಲಿ ಹೃದಯೇತರ ಶಸ್ತ್ರಚಿಕಿತ್ಸೆಗೆ ಒಳಗಾದ 8,351 ಮಂದಿ ಇದ್ದರು. ಮೆಟೊಪ್ರೊಲಾಲ್ ಪಡೆದವರಲ್ಲಿ ಹೃದಯಾಘಾತ ಕಡಿಮೆಯಾಯಿತು. ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು.

ಈ ಅಧ್ಯಯನಗಳ ಬಳಿಕ, ಬೀಟಾ ಬ್ಲಾಕರ್ ಕೊಡಬೇಕೇ ಎಂಬುದರಷ್ಟೇ ಯಾರಿಗೆ, ಯಾವಾಗ, ಎಷ್ಟು ಎಂಬ ಪ್ರಶ್ನೆಗಳೂ ಮುಖ್ಯವಾದವು. ಅಗತ್ಯವಿದ್ದಷ್ಟೇ ಕೊಟ್ಟು ಹಿಂತೆಗೆಯಬಹುದಾದ ಎಸ್ಮೊಲಾಲ್‌ನ ತತ್ತ್ವಕ್ಕೆ ಇದು ಪರೋಕ್ಷ ಸಮರ್ಥನೆಯೂ ಹೌದು. ಆದರೆ ಎಸ್ಮೊಲಾಲ್ ಕೊಟ್ಟಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ಈ ಅಧ್ಯಯನಗಳು ಸಾಬೀತುಪಡಿಸುವುದಿಲ್ಲ.

ಅಲ್ಪಾವಧಿಯ ಔಷಧಗಳ ಮೇಲಿನ ಪ್ರಯೋಗಗಳೂ ಎಚ್ಚರಿಕೆಯ ಪಾಠ ಹೇಳುತ್ತವೆ. ಸೋಂಕು ರಕ್ತಕ್ಕೆ ವ್ಯಾಪಿಸಿ ಆಘಾತಕ್ಕೊಳಗಾದ 154 ರೋಗಿಗಳ ಮೇಲೆ ಇಟಲಿಯಲ್ಲಿ ನಡೆದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಸ್ಮೊಲಾಲ್ ಪಡೆದವರ ಸಾವಿನ ಪ್ರಮಾಣ ಕಡಿಮೆಯಿತ್ತು. ಲ್ಯಾಂಡಿಯೊಲಾಲ್ ಬಳಸಿ ಬ್ರಿಟನ್ನಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗವನ್ನು 126 ರೋಗಿಗಳ ಹಂತದಲ್ಲೇ ನಿಲ್ಲಿಸಬೇಕಾಯಿತು. ಅಲ್ಲಿ ಪ್ರಯೋಜನ ಕಾಣಲಿಲ್ಲ, ಹಾನಿಯ ಸೂಚನೆ ಕಂಡಿತು. ಹೀಗಾಗಿ ಈ ಬಳಕೆ ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ 2015ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಲಯದೋಷ ನಿವಾರಕಗಳ ಅಡಿಯಲ್ಲಿ ಎಸ್ಮೊಲಾಲ್ ಚುಚ್ಚುಮದ್ದಿಗೆ ಸ್ಥಾನ ದೊರೆತಿದೆ. ಪಂಪ್, ಮಾನಿಟರ್ ಮತ್ತು ತರಬೇತಿ ಪಡೆದ ಸಿಬ್ಬಂದಿ ಬೇಕಾಗುವುದರಿಂದ ಇದು ತೀವ್ರ ನಿಗಾ ಘಟಕ ಹಾಗೂ ಶಸ್ತ್ರಚಿಕಿತ್ಸಾ ಕೊಠಡಿಗಳ ಔಷಧವಾಗಿದೆ.

ಹೃದ್ರೋಗ ಚಿಕಿತ್ಸೆಯ ಅಧ್ಯಯನದಲ್ಲಿ ಬೆಂಗಳೂರಿಗೆ ಗಮನಾರ್ಹ ಪಾತ್ರವಿದೆ. ಪಾಯ್ಸ್ ಅಧ್ಯಯನದ ಲೇಖಕರಲ್ಲಿ ನಗರದ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತು ಪ್ರೇಮ್ ಪೈಸ್ ಇದ್ದರು. ಇವರೇ ಮುಂದಾಳುಗಳಾಗಿದ್ದ ಕ್ರಿಯೇಟ್ ಎಂಬ ದಾಖಲಾತಿ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಅದರಲ್ಲಿದೆ. ತೀವ್ರ ಬಗೆಯ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆ ತಲುಪಲು 6 ಗಂಟೆ ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಂಡಿದ್ದರೆಂದು ಅದು ತಿಳಿಸಿತು. ತಡವಾಗಿ ಬಂದ ರೋಗಿಯ ಹೃದಯ ಹೆಚ್ಚು ದುರ್ಬಲವಾಗಿರುವ ಸಂಭವವಿದೆ. ಅಂಥವರಿಗೆ ದೀರ್ಘಾವಧಿಯ ಬೀಟಾ ಬ್ಲಾಕರ್ ಚುಚ್ಚುಮದ್ದು ಹೆಚ್ಚು ಅಪಾಯಕಾರಿ.

ಈ ವಿಳಂಬವನ್ನು ತಗ್ಗಿಸಲು ಕರ್ನಾಟಕ ಸರ್ಕಾರ 2023ರಲ್ಲಿ, ಹೃದಯದ ತೊಂದರೆಯಿಂದ 46ನೆಯ ವಯಸ್ಸಿನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಪರಿಶೀಲಿಸಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವುದು ಇದರ ಉದ್ದೇಶ. ಟೆನೆಕ್ಟೆಪ್ಲೇಸನ್ನು ಒಂದೇ ಬಾರಿಗೆ ಚುಚ್ಚಿ ಮುಗಿಸಬಹುದು. ಎಸ್ಮೊಲಾಲನ್ನು ನಿಮಿಷ ನಿಮಿಷವೂ ಕಾಯುತ್ತ ಕೊಡಬೇಕು. ಒಂದು ಔಷಧ ತಾಲ್ಲೂಕು ಮಟ್ಟಕ್ಕೆ ಇಳಿಯಲು, ಇನ್ನೊಂದು ದೊಡ್ಡ ಆಸ್ಪತ್ರೆಗಳಲ್ಲಿ ಉಳಿಯಲು ಇದು ಮುಖ್ಯ ಕಾರಣ.

ನಗರದೊಳಗೂ ಈ ವ್ಯತ್ಯಾಸ ಅನ್ವಯಿಸುತ್ತದೆ. ಸರ್ಕಾರಿ ಸ್ವಾಮ್ಯದ ಜಯದೇವ ಹೃದ್ರೋಗ ಸಂಸ್ಥೆಯ ಮುಖ್ಯ ಆಸ್ಪತ್ರೆ ದಕ್ಷಿಣ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಯಲಹಂಕದಿಂದ ಅಲ್ಲಿಗೆ ಹೆಬ್ಬಾಳದ ಮೂಲಕ ನಗರವನ್ನು ದಾಟಿ 20 ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು. ಉತ್ತರ ಭಾಗದಲ್ಲಿ 1973ರಲ್ಲಿ ಆರಂಭವಾದ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, 1979ರಲ್ಲಿ ಆರಂಭವಾದ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು ಮುಂತಾದ ಬೋಧನಾ ಆಸ್ಪತ್ರೆಗಳಿವೆ. ಎಸ್ಮೊಲಾಲ್ ನಡೆಯುತ್ತಿರುವ ರೋಗಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸಬೇಕಾದರೆ ದಾರಿಯುದ್ದಕ್ಕೂ ಪಂಪ್ ನಡೆಯುತ್ತಿರಬೇಕು. ವಾಹನ ದಟ್ಟಣೆಯಲ್ಲಿ ಕಳೆಯುವ ಅರ್ಧ ಗಂಟೆ ಈ ಔಷಧದ ಲೆಕ್ಕದಲ್ಲಿ ಮೂರು ಅರ್ಧಾಯುಗಳಿಗಿಂತ ಹೆಚ್ಚು.

ಲ್ಯಾಂಡಿಯೊಲಾಲ್

ಎಸ್ಮೊಲಾಲ್‌ನ ಮಾದರಿಯಲ್ಲೇ ಜಪಾನಿನಲ್ಲಿ ರೂಪುಗೊಂಡ ಲ್ಯಾಂಡಿಯೊಲಾಲ್‌ಗೆ ಆ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಇದರ ಅರ್ಧಾಯು ಸುಮಾರು 4 ನಿಮಿಷ. ಬೀಟಾ-2ಕ್ಕೆ ಹೋಲಿಸಿದರೆ ಬೀಟಾ-1ರ ಮೇಲೆ ಎಸ್ಮೊಲಾಲ್‌ನ ಪರಿಣಾಮ ಸುಮಾರು 33 ಪಟ್ಟು, ಲ್ಯಾಂಡಿಯೊಲಾಲ್‌ನದು ಸುಮಾರು 255 ಪಟ್ಟು. ರಕ್ತದೊತ್ತಡವನ್ನು ಇದು ತುಲನಾತ್ಮಕವಾಗಿ ಕಡಿಮೆ ಇಳಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 2024ರಲ್ಲಿ ಅನುಮತಿ ದೊರೆಯಿತು.

ಬೀಟಾ ಬ್ಲಾಕರ್ ಗುಳಿಗೆ ಸೇವಿಸುವವರು ಗಮನಿಸಬೇಕಾದುದು

ಎಸ್ಮೊಲಾಲನ್ನು ಥಟ್ಟನೆ ನಿಲ್ಲಿಸಬಹುದು ಎಂಬ ಮಾತನ್ನು ಮನೆಯಲ್ಲಿ ನಿತ್ಯ ಸೇವಿಸುವ ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನಲಾಲ್ ಗುಳಿಗೆಗಳಿಗೆ ಅನ್ವಯಿಸಬಾರದು. ಬಹುಕಾಲ ಬೀಟಾ ಬ್ಲಾಕರ್ ಸೇವಿಸಿದವರ ಹೃದಯದಲ್ಲಿ ಬೀಟಾ ಗ್ರಾಹಿಗಳ ಸಂಖ್ಯೆ ಹೆಚ್ಚಿರುತ್ತದೆ. ಗುಳಿಗೆಯನ್ನು ಹಠಾತ್ತಾಗಿ ಬಿಟ್ಟರೆ ಅಷ್ಟೂ ಗ್ರಾಹಿಗಳು ಒಮ್ಮೆಲೇ ಅಡ್ರಿನಲಿನ್‌ಗೆ ತೆರೆದುಕೊಂಡು ಎದೆನೋವು, ಲಯದೋಷ, ಹೃದಯಾಘಾತ ಉಂಟಾಗಬಹುದು. ನಿಲ್ಲಿಸುವ ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ಕೆಲವು ದಿನ ಅಥವಾ ವಾರಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಹೋಗುವಾಗಲೂ ಗುಳಿಗೆಯನ್ನು ತಾವಾಗಿಯೇ ಬಿಡದೆ, ಅದನ್ನು ಸೇವಿಸುತ್ತಿರುವ ಸಂಗತಿಯನ್ನು ಅರಿವಳಿಕೆ ತಜ್ಞರಿಗೆ ತಿಳಿಸಬೇಕು.

ಇವನ್ನೂ ನೋಡಿ

- ಹೃದಯಾಘಾತ
- ಅಡ್ರಿನಲಿನ್
- ರಕ್ತದೊತ್ತಡ
- ಏಟ್ರಿಯಲ್ ಫಿಬ್ರಿಲೇಶನ್
- ಅರಿವಳಿಕೆ